ಉತ್ತರಕ್ಕೆ ಕಾಯುವವರು

ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಿಂದ ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೋ ನೆಲೆಗೆ ಸುಮಾರು 3,800 ಕಿಲೋಮೀಟರ್. ನಾಲ್ಕು ಪ್ರೊಪೆಲರ್‌ಗಳ ಎಲ್‌ಸಿ-130 ವಿಮಾನ ಈ ದಾರಿ ಸವೆಸಲು ಏಳೆಂಟು ಗಂಟೆ ತೆಗೆದುಕೊಳ್ಳುತ್ತದೆ. ಕೆಳಗೆ ಮೊದಲು ಬರೀ ಸಮುದ್ರ, ಆಮೇಲೆ ತೇಲುವ ಮಂಜುಗಡ್ಡೆ. ಆಪತ್ತಿಗೆ ಇಳಿಯೋಣವೆಂದರೆ ನಡುವೆ ಒಂದು ರನ್‌ವೇ ಇಲ್ಲ. ಹಾಗಾಗಿ ಹೊರಡುವ ಮೊದಲೇ ದಾರಿಯಲ್ಲೊಂದು ಬಿಂದುವನ್ನು ಲೆಕ್ಕ ಹಾಕಿ ಗುರುತು ಮಾಡಿಕೊಂಡಿರುತ್ತಾರೆ. ಅಲ್ಲಿಯ ತನಕ ಹೋದರೆ ಹಿಂದಿರುಗಿ ಬರಲು ಇಂಧನ ಸಾಕಾಗುತ್ತದೆ. ದಾಟಿದರೆ ಮುಗಿಯಿತು, ಮುಂದೆ ಹೋಗಿ ಇಳಿಯಲೇಬೇಕು. ವಿಮಾನದವರು ಅದನ್ನು ಪಾಯಿಂಟ್ ಆಫ್ ಸೇಫ್ ರಿಟರ್ನ್ ಎನ್ನುತ್ತಾರೆ.

ಆ ಬಿಂದುವಿಗೆ ಬರುವ ಮುನ್ನ ಪೈಲಟ್ ರೇಡಿಯೋದಲ್ಲಿ ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಹವೆ ಹೇಗಿದೆ? ಉತ್ತರ ಹೇಳುವ ದನಿ ಸಾವಿರಾರು ಕಿಲೋಮೀಟರ್ ಆಚೆಯ ಒಂದು ಕೋಣೆಯಿಂದ ಬರುತ್ತದೆ. ಹವಾಮಾನದವರು ಕೊಟ್ಟ ಮುನ್ಸೂಚನೆಯನ್ನೂ ಅಲ್ಲಿ ಈಗ ಕಣ್ಣಿಗೆ ಕಾಣುತ್ತಿರುವುದನ್ನೂ ಆ ದನಿ ಅಕ್ಷರ ತಪ್ಪದೆ ಹೇಳಬೇಕು. ಹವೆ ಕೆಟ್ಟಿದ್ದರೆ ವಿಮಾನ ಅಲ್ಲಿಂದಲೇ ಹಿಂದಕ್ಕೆ. ಇಂಥ ಹಾರಾಟಕ್ಕೆ ಅಲ್ಲಿಯವರು ಇಟ್ಟಿರುವ ಹೆಸರು ಬೂಮರಾಂಗ್. ಬೆಳಿಗ್ಗೆ ಕ್ರೈಸ್ಟ್‌ಚರ್ಚ್‌ನಲ್ಲಿ ಹತ್ತಿದವರು ಇಡೀ ದಿನ ದಪ್ಪ ಕೆಂಪು ಜಾಕೆಟ್ ತೊಟ್ಟು ಕೂತು, ಸಂಜೆ ಅದೇ ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿಯುತ್ತಾರೆ.

ಆ ದನಿಯ ಹೆಸರು ಮ್ಯಾಕ್ ಸೆಂಟರ್. ಭೂಮಿಯ ದಕ್ಷಿಣ ತುದಿಯ ಏರ್ ಟ್ರಾಫಿಕ್ ಕಂಟ್ರೋಲ್ ಅದು.

ಮ್ಯಾಕ್‌ಮರ್ಡೋ ಇರುವುದು ರಾಸ್ ದ್ವೀಪದ ತುದಿಯಲ್ಲಿ, ಎರೆಬಸ್ ಎಂಬ ಜೀವಂತ ಜ್ವಾಲಾಮುಖಿಯ ಮಗ್ಗುಲಲ್ಲಿ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ನಡೆಸುವ ಈ ನೆಲೆ ಖಂಡದಲ್ಲೇ ದೊಡ್ಡದು. ಬೇಸಿಗೆಯಲ್ಲಿ, ಅಂದರೆ ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ, ಸುಮಾರು ಸಾವಿರ ಜನ. ಚಳಿಗಾಲಕ್ಕೆ ಉಳಿಯುವವರು ಇನ್ನೂರರ ಆಸುಪಾಸು. ದಕ್ಷಿಣ ಧ್ರುವದ ನೆಲೆಗೆ ಹೋಗುವ ಆಳು, ಅಕ್ಕಿ, ಔಷಧಿ, ಉಪಕರಣ ಬಹುಪಾಲು ಇಲ್ಲಿಂದಲೇ ಹಾರಬೇಕು. ಕಣಿವೆಗಳಲ್ಲಿ, ಹಿಮದ ಬಯಲುಗಳಲ್ಲಿ ಡೇರೆ ಹಾಕಿಕೊಂಡಿರುವ ವಿಜ್ಞಾನಿಗಳಿಗೂ ಆಧಾರ ಇದೇ. ವಿಮಾನಗಳ ಸಂಖ್ಯೆ ನೋಡಿದರೆ ಯಾವ ಸಣ್ಣ ಊರಿನ ನಿಲ್ದಾಣವೂ ಇದನ್ನು ಮೀರಿಸೀತು. ಆದರೆ ಒಂದೊಂದು ವಿಮಾನದ ಮೇಲೂ ಇಷ್ಟು ಹೊತ್ತು ಗಮನವಿಟ್ಟು ಕೂರುವ ನಿಲ್ದಾಣಗಳು ಜಗತ್ತಿನಲ್ಲಿ ಬಹಳ ಇರಲಾರವು.

ಇಲ್ಲಿ ಹಾರಾಟ ಶುರುವಾದದ್ದು ಅಮೆರಿಕದ ನೌಕಾಪಡೆಯಿಂದ. 1955-56ರ ಬೇಸಿಗೆಯಲ್ಲಿ ನೆಲೆ ಕಟ್ಟಲು ಬಂದವರಲ್ಲಿ ರಿಚರ್ಡ್ ವಿಲಿಯಮ್ಸ್ ಎಂಬ ಟ್ರಾಕ್ಟರ್ ಚಾಲಕನಿದ್ದ. 1956ರ ಜನವರಿ 6ರಂದು ಸಮುದ್ರದ ಮೇಲಿನ ಮಂಜುಗಡ್ಡೆ ಬಿರಿದು ಟ್ರಾಕ್ಟರ್ ಸಮೇತ ಮುಳುಗಿಹೋದ. ಇವತ್ತಿಗೂ ಅಲ್ಲಿನ ಒಂದು ವಿಮಾನ ನಿಲ್ದಾಣದ ಹೆಸರು ವಿಲಿಯಮ್ಸ್ ಫೀಲ್ಡ್. ಅದೇ ವರ್ಷದ ಅಕ್ಟೋಬರ್ 31ರಂದು ಧ್ರುವದಲ್ಲಿ ಮೊದಲ ವಿಮಾನ ಇಳಿಯಿತು. ಅದರಲ್ಲಿ ಅಡ್ಮಿರಲ್ ಜಾರ್ಜ್ ಡುಫೆಕ್ ಇದ್ದರು. ನಿಂತಷ್ಟು ಹೊತ್ತಿನಲ್ಲೇ, ಹಿಮದ ಮೇಲೆ ಜಾರಲೆಂದು ಅದಕ್ಕಿದ್ದ ಸ್ಕೀಗಳು ಹಿಮಕ್ಕೆ ಅಂಟಿಕೊಂಡವು. ಮೈಗೆ ಕಟ್ಟಿದ್ದ ಪುಟ್ಟ ರಾಕೆಟ್‌ಗಳನ್ನು ಉರಿಸಿ, ಕಿತ್ತುಕೊಂಡು ಮೇಲೇಳಬೇಕಾಯಿತು. 1990ರ ದಶಕದ ಕೊನೆಗೆ ನೌಕಾಪಡೆ ಹಿಂದೆ ಸರಿಯಿತು. ಈಗ ಸ್ಕೀ ವಿಮಾನಗಳನ್ನು ಹಾರಿಸುವವರು ನ್ಯೂಯಾರ್ಕ್ ಏರ್ ನ್ಯಾಷನಲ್ ಗಾರ್ಡ್‌ನವರು. ಮೈಕಿನ ಹಿಂದೆ ಕೂರುವವರು ಗುತ್ತಿಗೆಯ ಮೇಲೆ ಬರುವ, ಬೇರೆಡೆ ಈ ಕೆಲಸದಲ್ಲಿ ಪಳಗಿದ ನಾಗರಿಕ ನಿಯಂತ್ರಕರು.

ನಿಲ್ದಾಣವೆಂದರೆ ಕಾಂಕ್ರೀಟು, ಗಾಜಿನ ಗೋಪುರ ಎಂದುಕೊಳ್ಳಬೇಡಿ. ಇಲ್ಲಿ ನೆಲವೇ ನೆಲೆಯಾಗಿಲ್ಲ. ಹಿಂದೆಲ್ಲ ಬೇಸಿಗೆಯ ಆರಂಭದಲ್ಲಿ ಹೆಪ್ಪುಗಟ್ಟಿದ ಸಮುದ್ರದ ಮೇಲೆಯೇ ರನ್‌ವೇ ಮಾಡುತ್ತಿದ್ದರು. ಎರಡು ಮೀಟರ್ ದಪ್ಪದ ಮಂಜು, ಅದರ ಮೇಲೆ ಚಕ್ರದ ಭಾರೀ ವಿಮಾನ. ಮಂಜನ್ನು ಕೊರೆದು ದಪ್ಪ ಅಳೆಯುತ್ತಿದ್ದರು. ನಿಂತ ವಿಮಾನದ ಭಾರಕ್ಕೆ ಮಂಜು ಬಾಗುವುದರಿಂದ ಎಷ್ಟು ಹೊತ್ತು ನಿಲ್ಲಬಹುದೆಂಬುದಕ್ಕೂ ಲೆಕ್ಕವಿತ್ತು. ಡಿಸೆಂಬರ್‌ಗೆ ಮಂಜು ಮೆತ್ತಗಾಗುತ್ತಿದ್ದಂತೆ ಇಡೀ ನಿಲ್ದಾಣ ಗಂಟುಮೂಟೆ ಕಟ್ಟುತ್ತಿತ್ತು. ಗೋಪುರವೂ ಸೇರಿ ಕಟ್ಟಡಗಳೆಲ್ಲ ಜಾರುಹಲಗೆಗಳ ಮೇಲೆ ಕೂತಿದ್ದವು. ಟ್ರಾಕ್ಟರ್ ಕಟ್ಟಿ ವಿಲಿಯಮ್ಸ್ ಫೀಲ್ಡ್‌ಗೆ ಎಳೆದುಕೊಂಡು ಹೋಗುತ್ತಿದ್ದರು. ಪೆಗಾಸಸ್ ಎಂಬ ಇನ್ನೊಂದು ರನ್‌ವೇ ಇತ್ತು. ಪಕ್ಕದ ಬ್ಲ್ಯಾಕ್ ದ್ವೀಪದಿಂದ ಗಾಳಿ ಹೊತ್ತು ತಂದ ಕಪ್ಪು ಧೂಳು ಮಂಜಿನ ಮೇಲೆ ಕೂತು, ಬಿಸಿಲು ಹೀರಿ, ರನ್‌ವೇಯನ್ನೇ ಕರಗಿಸತೊಡಗಿತು. 2016ರಲ್ಲಿ ಅದನ್ನು ಮುಚ್ಚಿದರು. 2017ರಿಂದ ಹಿಮವನ್ನು ರೋಲರ್ ಹೊಡೆದು ಗಟ್ಟಿ ಮಾಡಿದ ಫೀನಿಕ್ಸ್ ಎಂಬ ರನ್‌ವೇ ಬಳಕೆಯಲ್ಲಿದೆ. ಇವೆಲ್ಲ ನಿಂತಿರುವ ಹಿಮದ ಹಾಸು ನಿಧಾನವಾಗಿ ಸಮುದ್ರದ ಕಡೆಗೆ ಸರಿಯುತ್ತಲೇ ಇರುತ್ತದೆ. ಅಲ್ಲಿ ರನ್‌ವೇಯ ವಿಳಾಸವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಇನ್ನು ದಿಕ್ಕು. ಅಯಸ್ಕಾಂತದ ಧ್ರುವ ಹತ್ತಿರವೇ ಇರುವುದರಿಂದ ದಿಕ್ಸೂಚಿಯನ್ನು ನಂಬುವಂತಿಲ್ಲ. ನಕ್ಷೆಯ ಉತ್ತರ-ದಕ್ಷಿಣವೂ ಕೈಕೊಡುತ್ತದೆ. ರೇಖಾಂಶಗಳೆಲ್ಲ ಬಂದು ಒಂದೇ ಚುಕ್ಕಿಯಲ್ಲಿ ಸೇರುವ ಧ್ರುವದಲ್ಲಿ ನಿಂತವನಿಗೆ ಯಾವ ಕಡೆ ತಿರುಗಿದರೂ ಉತ್ತರವೇ. ಉತ್ತರದಿಂದ ಗಾಳಿ ಎಂದರೆ ಅಲ್ಲಿ ಏನೂ ಹೇಳಿದಂತಾಗಲಿಲ್ಲ. ಅದಕ್ಕೆ ಧ್ರುವದ ವಿಮಾನಿಗಳು ಬೇರೊಂದು ಉತ್ತರವನ್ನು ಮಾಡಿಕೊಂಡಿದ್ದಾರೆ. ನಕ್ಷೆಯ ಮೇಲೆ ಗ್ರೀನಿಚ್ ರೇಖೆಗೆ ಸಮಾನಾಂತರವಾಗಿ ಚೌಕುಳಿ ಎಳೆದು, ಆ ಗೆರೆಗಳು ತೋರುವ ದಿಕ್ಕನ್ನೇ ಉತ್ತರವೆಂದು ಒಪ್ಪಿಕೊಂಡಿದ್ದಾರೆ. ಅದಕ್ಕೆ ಗ್ರಿಡ್ ಉತ್ತರ ಎಂದು ಹೆಸರು. ಮ್ಯಾಕ್‌ಮರ್ಡೋ ಇರುವುದು ಪೂರ್ವ ರೇಖಾಂಶ 166 ಡಿಗ್ರಿಯ ಆಚೆ, ಹೆಚ್ಚುಕಡಿಮೆ ಗ್ರೀನಿಚ್‌ಗೆ ಬೆನ್ನು ಹಾಕಿದಂತೆ. ಹಾಗಾಗಿ ಅಲ್ಲಿಂದ ದಕ್ಷಿಣ ಧ್ರುವಕ್ಕೆ, ಅಂದರೆ ನೇರ ದಕ್ಷಿಣಕ್ಕೆ ಹೊರಟ ಪೈಲಟ್‌ನ ಗ್ರಿಡ್ ದಿಕ್ಕು ಸುಮಾರು 347 ಡಿಗ್ರಿ, ಬಹುತೇಕ ಉತ್ತರ! ಮನೆ ಕಡೆ, ಕ್ರೈಸ್ಟ್‌ಚರ್ಚ್‌ಗೆ ಹೊರಟವನದು ಗ್ರಿಡ್ ದಕ್ಷಿಣ. ಹೊಸದಾಗಿ ಬಂದ ನಿಯಂತ್ರಕ ತನ್ನ ಇಡೀ ವೃತ್ತಿಜೀವನದ ದಿಕ್ಕುಗಳನ್ನು ಮರೆತು ಈ ಲೆಕ್ಕವನ್ನು ನಾಲಿಗೆಗೆ ಇಳಿಸಿಕೊಳ್ಳಬೇಕು.

ಹವಾಮಾನದ ವರದಿಯಲ್ಲೂ ಬೇರೆಡೆ ಸಾಮಾನ್ಯವಾಗಿ ಕಾಣದ ಎರಡು ಮಾತುಗಳಿವೆ: ನೆಲ ಎಷ್ಟು ಸ್ಪಷ್ಟ, ದಿಗಂತ ಎಷ್ಟು ಸ್ಪಷ್ಟ. ಹವಾ ವೀಕ್ಷಕ ಹೊರಗೆ ಹೋಗಿ ಕಾಲ ಬುಡದ ಹಿಮವನ್ನು ದಿಟ್ಟಿಸುತ್ತಾನೆ. ಗಾಳಿ ಕೊರೆದ ಅಲೆಗಳ ಏಣು ಕಾಣುತ್ತದೆಯೇ? ಅದರ ನೆರಳು ಬೀಳುತ್ತಿದೆಯೇ? ಆಮೇಲೆ ತಲೆಯೆತ್ತಿ ಬೆಟ್ಟದಂಚು ನೋಡುತ್ತಾನೆ. ಮೋಡ ಮುಚ್ಚಿದ ದಿನ ಬೆಳಕು ಮೋಡಕ್ಕೂ ಹಿಮಕ್ಕೂ ನಡುವೆ ಪುಟಿದು ಪುಟಿದು ನೆರಳನ್ನೆಲ್ಲ ಅಳಿಸಿಬಿಡುತ್ತದೆ. ಗಾಳಿ ತಿಳಿಯಾಗಿರುತ್ತದೆ, ದೂರದ ಕಪ್ಪು ಬಂಡೆ ಕಾಣುತ್ತದೆ, ಆದರೆ ಎದುರಿನ ಬಿಳಿ ಏರು ಕಾಣುವುದಿಲ್ಲ. ಕತ್ತಲೆಯಲ್ಲಿ ಕಣ್ಣಿಗೆ ಕಾಣುತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ. ವೈಟ್‌ಔಟ್ ಎನ್ನುವ ಈ ಬಿಳಿಗತ್ತಲೆಯಲ್ಲಿ ಅದೂ ಗೊತ್ತಾಗುವುದಿಲ್ಲ. ಹಿಂದಿರುಗಲು ಇಂಧನವಿಲ್ಲದೆ ಇಂಥದರಲ್ಲಿ ಸಿಕ್ಕಿಬಿದ್ದ ಸ್ಕೀ ವಿಮಾನಕ್ಕೆಂದೇ ವಿಲಿಯಮ್ಸ್ ಫೀಲ್ಡ್ ಬಳಿ ಸಪಾಟಾದ ಹಿಮದ ಬಯಲೊಂದನ್ನು ಮೀಸಲಿಟ್ಟಿದ್ದಾರೆ. ಪೈಲಟ್ ಉಪಕರಣಗಳನ್ನಷ್ಟೇ ನೋಡುತ್ತ ಮೆಲ್ಲಗೆ, ತೀರಾ ಮೆಲ್ಲಗೆ, ಸ್ಕೀ ಹಿಮಕ್ಕೆ ತಾಗುವ ತನಕ ಇಳಿಸುತ್ತ ಹೋಗುತ್ತಾನೆ.

ನಮ್ಮವರಿಗೂ ಈ ಬಿಳಿ ಹೊಸದಲ್ಲ. ಅಂಟಾರ್ಕ್ಟಿಕಾದ ಇನ್ನೊಂದು ಮಗ್ಗುಲಲ್ಲಿರುವ ಭಾರತದ ಮೈತ್ರಿ ನೆಲೆಗೆ ಕೇಪ್‌ಟೌನ್‌ನಿಂದ ಬರುವ ವಿಮಾನ, ನೆರೆಯ ರಷ್ಯನ್ನರ ನೊವೊ ಮಂಜು ರನ್‌ವೇಯಲ್ಲಿ ಇಳಿಯುತ್ತದೆ. ಭಾರತವೂ ಸೇರಿ ಹನ್ನೊಂದು ದೇಶಗಳು ಕೂಡಿ ನಡೆಸುವ ವ್ಯವಸ್ಥೆ ಅದು. ಮೈತ್ರಿಯಲ್ಲಿ ನಮ್ಮ ಹವಾಮಾನ ಇಲಾಖೆಯವರು ಚಳಿಗಾಲವಿಡೀ ಇದ್ದು ಗಾಳಿ, ಮೋಡಗಳ ಲೆಕ್ಕ ಬರೆಯುತ್ತಾರೆ.

ಮ್ಯಾಕ್ ಸೆಂಟರ್‌ನ ಕೆಲಸಕ್ಕೆ ಮರಳೋಣ. ದೊಡ್ಡ ನಗರದ ನಿಯಂತ್ರಕ ರೇಡಾರ್ ಪರದೆಯ ಮೇಲೆ ಹತ್ತಾರು ಚುಕ್ಕೆಗಳನ್ನು ಒಂದಕ್ಕೊಂದು ತಾಗದಂತೆ ಬಿಡಿಸುತ್ತಾನೆ. ಇಲ್ಲಿ ನೆಲೆಯಿಂದ ದೂರ ಹೋದ ವಿಮಾನಕ್ಕೆ ಚುಕ್ಕೆಯೇ ಇಲ್ಲ. ಇರುವುದು ಹೈ ಫ್ರೀಕ್ವೆನ್ಸಿ ರೇಡಿಯೋದ ಕರಕರ ಸದ್ದಿನ ನಡುವೆ ಕೇಳುವ ಒಂದು ದನಿ. ಇಂಥ ಹೊತ್ತಿಗೆ ಇಂಥ ಕಡೆ ಇದ್ದೇವೆ, ಮುಂದಿನ ಜಾಗಕ್ಕೆ ಇಷ್ಟು ಹೊತ್ತಿಗೆ ತಲುಪುತ್ತೇವೆ, ಇಂಧನ ಇಷ್ಟಿದೆ ಎನ್ನುತ್ತದೆ ಆ ದನಿ. ನಿಯಂತ್ರಕ ಅದನ್ನು ಬರೆದುಕೊಂಡು, ಓದಿ ಹೇಳಿ ಖಚಿತಪಡಿಸಿಕೊಂಡು, ಗಡಿಯಾರ ನೋಡುತ್ತಾನೆ. ಮತ್ತೆ ಕೂರುತ್ತಾನೆ. ಕಾಯುವುದು ಎಂದರೆ ನಮ್ಮ ಮಾತಿನಲ್ಲಿ ದಾರಿ ನೋಡುವುದೂ ಹೌದು, ಕಾಪಾಡುವುದೂ ಹೌದು. ಈ ಎರಡೂ ಒಂದೇ ಕೆಲಸವಾಗಿರುವ ಉದ್ಯೋಗ ಇದಕ್ಕಿಂತ ಸ್ಪಷ್ಟವಾಗಿ ನನಗೆ ಇನ್ನೆಲ್ಲೂ ಕಂಡಿಲ್ಲ. ಹೇಳಿದ ಹೊತ್ತಿಗೆ ಕರೆ ಬರದೆ ಮೂವತ್ತು ನಿಮಿಷ ಕಳೆದರೆ ಅಂತರರಾಷ್ಟ್ರೀಯ ನಿಯಮದಂತೆ ಅನಿಶ್ಚಿತ ಸ್ಥಿತಿ ಘೋಷಣೆಯಾಗುತ್ತದೆ. ಆಮೇಲೆ ಎಚ್ಚರಿಕೆ, ಆಮೇಲೆ ಆಪತ್ತು. ಡೇರೆಗಳಲ್ಲಿರುವ ವಿಜ್ಞಾನಿಗಳನ್ನು ಮ್ಯಾಕ್ ಆಪ್ಸ್ ಎಂಬ ಬೇರೆ ರೇಡಿಯೋ ಕೋಣೆ ಹೀಗೇ ಕಾಯುತ್ತದೆ. ಪ್ರತಿ ತಂಡವೂ ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ಕರೆ ಮಾಡಿ ಕ್ಷೇಮ ಹೇಳಲೇಬೇಕು.

ಆ ದನಿಯೂ ಕೆಲವೊಮ್ಮೆ ನಿಂತುಹೋಗುತ್ತದೆ. ಸೂರ್ಯನ ಮೇಲೆ ಸ್ಫೋಟವಾದರೆ ಅಲ್ಲಿಂದ ಹೊಮ್ಮಿದ ಕಣಗಳನ್ನು ಭೂಮಿಯ ಕಾಂತಕ್ಷೇತ್ರ ಧ್ರುವಗಳ ಕಡೆಗೇ ಎಳೆದು ತರುತ್ತದೆ. ಮೇಲಿನ ವಾತಾವರಣ ಆಗ ರೇಡಿಯೋ ಅಲೆಗಳನ್ನು ಹಿಂದಕ್ಕೆ ಕಳಿಸುವ ಬದಲು ನುಂಗಿಬಿಡುತ್ತದೆ. 2003ರ ಅಕ್ಟೋಬರ್-ನವೆಂಬರ್‌ನ ಸೌರ ಬಿರುಗಾಳಿಯಲ್ಲಿ ಮ್ಯಾಕ್‌ಮರ್ಡೋದ ರೇಡಿಯೋದವರು ಒಟ್ಟು 130 ಗಂಟೆಗೂ ಮಿಕ್ಕಿ ಹೈ ಫ್ರೀಕ್ವೆನ್ಸಿ ಸಂಪರ್ಕ ಕಳೆದುಕೊಂಡಿದ್ದರು. ಈಗ ಉಪಗ್ರಹ ಫೋನ್‌ಗಳಿವೆ. ಹಾಗೆಂದು ಹಳೆಯ ರೇಡಿಯೋವನ್ನು ಯಾರೂ ಮೂಲೆಗೆ ಹಾಕಿಲ್ಲ.

1979ರ ನವೆಂಬರ್ 28ನ್ನು ನೆನೆಯದೆ ಮ್ಯಾಕ್ ಸೆಂಟರ್ ಬಗ್ಗೆ ಬರೆಯುವುದು ಆಗದ ಮಾತು. ಅಂದು ಆಕ್ಲೆಂಡ್‌ನಿಂದ ಏರ್ ನ್ಯೂಜಿಲೆಂಡ್‌ನ ಡಿಸಿ-10 ವಿಮಾನವೊಂದು ಪ್ರವಾಸಿಗರನ್ನು ಹೊತ್ತು ಅಂಟಾರ್ಕ್ಟಿಕಾ ತೋರಿಸಲು ಬಂತು. ಎಲ್ಲೂ ಇಳಿಯುವುದಿಲ್ಲ, ನೋಡಿಕೊಂಡು ವಾಪಸು. ಮ್ಯಾಕ್ ಸೆಂಟರ್ ಅವರೊಂದಿಗೆ ಮಾತಾಡಿತು. ಕೆಳಗೆ ಮೋಡವಿದೆ ಎಂದು ತಿಳಿಸಿ, ರೇಡಾರ್ ನೆರವಿನಿಂದ 1,500 ಅಡಿಗೆ ಇಳಿಸಿಕೊಡುತ್ತೇವೆ ಎಂದೂ ಹೇಳಿತು. ಪೈಲಟ್‌ಗಳು ಮೋಡದ ನಡುವಿನ ತೆರಪಿನಲ್ಲಿ ಕಣ್ಣಳತೆಯ ಮೇಲೇ ಇಳಿದರು. ಹಾರಾಟದ ಕಂಪ್ಯೂಟರಿನಲ್ಲಿ ದಾರಿಯ ಗುರುತು ಬದಲಾಗಿತ್ತು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಸಪಾಟು ಮಂಜಿನ ಮೇಲೆ ಹೋಗುತ್ತಿದ್ದೇವೆ ಎಂದುಕೊಂಡವರ ಎದುರು 3,794 ಮೀಟರಿನ ಎರೆಬಸ್‌ನ ಇಳಿಜಾರಿತ್ತು. ಬಿಳಿಯ ಮೇಲೆ ಬಿಳಿ, ಕಾಣಲಿಲ್ಲ. 257 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಮ್ಯಾಕ್ ಸೆಂಟರ್‌ನಲ್ಲಿದ್ದವರು ಕರೆಯುತ್ತಲೇ ಇದ್ದರು. ಉತ್ತರ ಬರಲಿಲ್ಲ. ಹುಡುಕಲು ಹೊರಟ ನೌಕಾಪಡೆಯ ಹರ್ಕ್ಯುಲಿಸ್ ವಿಮಾನಕ್ಕೆ, ಸೂರ್ಯ ಮುಳುಗದ ಆ ನಡುರಾತ್ರಿಯಲ್ಲಿ, ಬೆಟ್ಟದ ಬಿಳಿಯ ಮೇಲೆ ಕಪ್ಪು ಗೀರೊಂದು ಕಂಡಿತು. ಮೊದಲ ತನಿಖೆ ಪೈಲಟ್‌ಗಳನ್ನು ದೂರಿತು. 1981ರಲ್ಲಿ ನ್ಯಾಯಮೂರ್ತಿ ಪೀಟರ್ ಮಹೋನ್ ಅವರ ಆಯೋಗ, ಹೇಳದೆ ದಾರಿ ಬದಲಿಸಿದ್ದೇ ಮೂಲ ಕಾರಣ ಎಂದಿತು. ನ್ಯೂಜಿಲೆಂಡ್ ಸರ್ಕಾರ ಕ್ಷಮೆ ಕೇಳಿದ್ದು 2019ರಲ್ಲಿ, ನಲವತ್ತು ವರ್ಷ ಕಳೆದ ಮೇಲೆ. ಆ ದಿನ ಮೈಕಿನ ಮುಂದೆ ಕೂತಿದ್ದವರ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ಒಂದೇ ಕರೆಯನ್ನು ಮತ್ತೆ ಮತ್ತೆ ಹೇಳುವಾಗ, ಎಷ್ಟನೆಯ ಸಲಕ್ಕೆ ದನಿ ಬದಲಾಗಿದ್ದೀತು?

ಚಳಿಗಾಲದಲ್ಲಿ ಧ್ರುವಕ್ಕೆ ವಿಮಾನವಿಲ್ಲ. ಇಂಧನ, ಯಂತ್ರದ ಎಣ್ಣೆ, ರಬ್ಬರು ಎಲ್ಲವೂ ಸೆಡೆಯುವ ಚಳಿ ಅದು. ಆದರೂ ಜೀವ ಉಳಿಸಲು ಬೆರಳೆಣಿಕೆಯಷ್ಟು ಸಲ ಹೋಗಿ ಬಂದದ್ದಿದೆ. 2001ರ ಏಪ್ರಿಲ್‌ನಲ್ಲಿ ನೆಲೆಯ ವೈದ್ಯರೇ ಕಾಯಿಲೆ ಬಿದ್ದಾಗ, 2016ರ ಜೂನ್‌ನಲ್ಲಿ ಇಬ್ಬರು ಸಿಬ್ಬಂದಿಗಾಗಿ, ಕೆನಡಾದ ಟ್ವಿನ್ ಆಟರ್ ಎಂಬ ಸಣ್ಣ ವಿಮಾನಗಳು ಖಂಡದ ಆಚೆ ಬದಿಯ ಬ್ರಿಟಿಷ್ ನೆಲೆ ರೊಥೆರಾದಿಂದ ಸುಮಾರು 2,500 ಕಿಲೋಮೀಟರ್ ಕತ್ತಲೆಯಲ್ಲಿ ಹಾರಿಹೋದವು. 2016ರಲ್ಲಿ ಎರಡು ವಿಮಾನ ಬಂದವು. ಒಂದು ಧ್ರುವಕ್ಕೆ ಹೋಯಿತು. ಅದಕ್ಕೇನಾದರೂ ಆದರೆ ಹುಡುಕಿಕೊಂಡು ಹೋಗಲು ಇನ್ನೊಂದು ರೊಥೆರಾದಲ್ಲಿ ಸಿದ್ಧವಾಗಿ ನಿಂತಿತ್ತು.

ಪ್ರತಿ ವರ್ಷವೂ ಫೆಬ್ರುವರಿ ನಡುವಿನಲ್ಲೇ ಧ್ರುವದ ಬಾಗಿಲು ಮುಚ್ಚುತ್ತದೆ. ಸುಮಾರು ನಲವತ್ತು ಮಂದಿ ಹಿಂದೆ ಉಳಿಯುತ್ತಾರೆ. ಮುಂದಿನ ವಿಮಾನಕ್ಕೆ ಎಂಟು ತಿಂಗಳು. ಅಲ್ಲಿ ಗೋಪುರವಿಲ್ಲ, ರೇಡಾರ್ ಇಲ್ಲ, ಒಂದು ರೇಡಿಯೋ ಕೋಣೆಯಿದೆ. ಕೊನೆಯ ಎಲ್‌ಸಿ-130 ಹಿಮದ ಮೇಲೆ ಉದ್ದಕ್ಕೆ ಜಾರಿ ಮೇಲೇಳುತ್ತದೆ. ಹೊರಗೆ ನಿಂತವರು ಅದು ಕಣ್ಮರೆಯಾಗುವ ತನಕ ಕೈಬೀಸಿ, ಚಳಿ ತಾಳದೆ ಒಳಗೆ ಹೋಗುತ್ತಾರೆ. ರೇಡಿಯೋ ಕೋಣೆಯಲ್ಲಿರುವವರ ಪಾಳಿ ಮಾತ್ರ ಆಗ ಮುಗಿದಿರುವುದಿಲ್ಲ. ವಿಮಾನ ಹೊರಟ ಹೊತ್ತು ಮತ್ತು ಅದರಲ್ಲಿ ಎಷ್ಟು ಜೀವಗಳಿವೆ ಎಂಬುದನ್ನು ಮ್ಯಾಕ್‌ಮರ್ಡೋಗೆ ತಿಳಿಸಬೇಕು. ಜೀವಗಳು ಎಂಬುದು ವಿಮಾನದ ಭಾಷೆಯದೇ ಪದ. ಆ ಕಡೆಯಿಂದ ಮ್ಯಾಕ್ ಸೆಂಟರ್ ಸಂಖ್ಯೆಯನ್ನು ತಿರುಗಿ ಓದುತ್ತದೆ, ಬರೆದುಕೊಳ್ಳುತ್ತದೆ. ಸುಮಾರು ಮೂರು ಗಂಟೆಯ ದಾರಿ. ಮೊದಲ ಕರೆಯ ಹೊತ್ತನ್ನು ಗುರುತು ಹಾಕಿಕೊಂಡು, ಹೆಡ್‌ಫೋನ್ ಸರಿಮಾಡಿಕೊಂಡು ಅಲ್ಲಿ ಒಬ್ಬರು ಕೂರುತ್ತಾರೆ.