ದುಡ್ಡಿಲ್ಲದವರಿಗೂ ಮತ ಬೀಳುವುದೇಕೆ?

ಪ್ರಶ್ನೆ: ದುಡ್ಡಿಲ್ಲದ ಅಭ್ಯರ್ಥಿಯಲ್ಲಿ ಜನ ಏನು ಕಂಡು ಮತ ಹಾಕುತ್ತಾರೆ?

ಉತ್ತರ: ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನೇ ನೋಡಿ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಅವರು ಗೇಣಿದಾರರ ಜೊತೆ ನಿಂತರು. ಗೇಣಿ ಭತ್ತ ಅಳೆಯುವ ಕೊಳಗವೇ ದೊಡ್ಡದು ಎಂಬುದು ಅಲ್ಲಿನ ತಕರಾರು. ಮರುವರ್ಷ ವಿಧಾನಸಭೆ ಚುನಾವಣೆ. ಕೈಯಲ್ಲಿ ಕಾಸಿಲ್ಲ. 'ಒಂದು ವೋಟು, ಒಂದು ನೋಟು' ಎಂದು ಮತದಾರರನ್ನೇ ಕೇಳಿದರು. ಜನ ಎರಡನ್ನೂ ಕೊಟ್ಟು ಗೆಲ್ಲಿಸಿದರು. (ಈಗ ನೋಟು ಹರಿಯುವ ದಿಕ್ಕೇ ಬೇರೆ, ಬಿಡಿ!) ಸರಳ ಬದುಕು, ಸದನದಲ್ಲಿ ಯಾರಿಗೂ ಅಂಜದ ಮಾತು ಇವೆಲ್ಲ ಜನರಿಗೆ ಇಷ್ಟವೇ. ಆದರೆ ಕಷ್ಟಕಾಲದಲ್ಲಿ ನಮ್ಮ ಪಕ್ಕ ಇದ್ದವರು ಎಂಬ ನಂಬಿಕೆಯೇ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಹಾಗಂತ ಮೆಚ್ಚುಗೆಯೆಲ್ಲ ಮತವಾಗುವುದಿಲ್ಲ. 1957ರಲ್ಲಿ ಅವರು ಸೋತರು. ಆದರೆ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯವರು ಅವರನ್ನು ಆರಿಸಿ ಕಳಿಸಿದರು.