ಕಣ್ಣಿಗೆ ಒಪ್ಪಿದ ಮನೆ ಕಿವಿಗೂ ಒಪ್ಪೀತೆ?

ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯಿಂದ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬರುವ ಹುಡುಗರು ಬಾಡಿಗೆ ಮನೆ ನೋಡಲು ಹೊರಡುವುದು ಸಾಮಾನ್ಯವಾಗಿ ಭಾನುವಾರ. ಕೊರಟಗೆರೆ, ದಾಬಸ್‌ಪೇಟೆ, ನೆಲಮಂಗಲ ದಾಟಿದ ಬಸ್ಸು ತುಮಕೂರು ರಸ್ತೆಯಿಂದಲೇ ನಗರದೊಳಗೆ ಬರುತ್ತದೆ. ಹೀಗಾಗಿ ದಾಸರಹಳ್ಳಿ, ಪೀಣ್ಯ, ರಾಜಗೋಪಾಲನಗರ, ಲಗ್ಗೆರೆಯ ಆಸುಪಾಸಿನಲ್ಲಿ ಮೊದಲ ಬಿಡಾರ ಹೂಡುವವರು ನಮ್ಮಲ್ಲಿ ಬಹಳ. ಪಾವಗಡ, ಶಿರಾ ಕಡೆಯವರ ಕಥೆಯೂ ಹೆಚ್ಚು ಕಡಿಮೆ ಇದೇ. ಕಾವೇರಿ ನೀರು ಬರುತ್ತದೆಯೇ, ಗಾಳಿ ಬೆಳಕು ಹೇಗೆ, ಬೈಕು ನಿಲ್ಲಿಸಲು ಜಾಗ ಉಂಟೇ ಎಂದು ಮಾಲೀಕರನ್ನು ವಿಚಾರಿಸುತ್ತೇವೆ. ಸದ್ದಿನ ಬಗ್ಗೆ ಮಾತ್ರ ಕೇಳುವುದಿಲ್ಲ. ಭಾನುವಾರ ಹನ್ನೊಂದು ಗಂಟೆಗೆ ಆ ಬೀದಿಯಲ್ಲಿ ಕೇಳಿಸುವಂಥದ್ದೂ ಏನೂ ಇರುವುದಿಲ್ಲ.

ನಾನೂ ಹಾಗೇ ಮನೆ ಹಿಡಿದವನು. ಕೆಳಗೆ ರೋಲಿಂಗ್ ಶಟರ್ ಎಳೆದಿದ್ದ ಮಳಿಗೆಯೊಂದಿತ್ತು, ಗೋದಾಮಿರಬೇಕು ಎಂದುಕೊಂಡೆ. ಸೋಮವಾರ ಬೆಳಿಗ್ಗೆ ಶಟರ್ ಮೇಲೆದ್ದಾಗ ಗೊತ್ತಾಯಿತು, ಅದು ತಗಡು ಕತ್ತರಿಸುವ ಪವರ್ ಪ್ರೆಸ್. ಅದು ಒಂದೊಂದು ಏಟು ಹಾಕಿದಾಗಲೂ ಅಡುಗೆಮನೆಯ ಲೋಟಗಳು ಕಣಕಣ ಎನ್ನುತ್ತಿದ್ದವು. ಅಷ್ಟರಲ್ಲಿ ಹತ್ತು ತಿಂಗಳ ಬಾಡಿಗೆ ಮುಂಗಡವಾಗಿ ಕೈಬಿಟ್ಟಿತ್ತು. ಬೇಗ ಬಿಟ್ಟರೆ ಬಣ್ಣ ಬಳಿಸುವ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಆದ್ದರಿಂದ ಸದ್ದಿನ ಮನೆಯಿಂದ ಎದ್ದು ಹೋಗುವುದು ಅಷ್ಟು ಸುಲಭವಲ್ಲ.

ಹಾಗೆಂದು ದೊಡ್ಡೇರಿ ನಿಶ್ಶಬ್ದ ಲೋಕವೇ? ಖಂಡಿತ ಅಲ್ಲ. ರಾತ್ರಿ ಮೂರು ಫೇಸ್ ಕರೆಂಟು ಬಂತೆಂದರೆ ಕೊಳವೆ ಬಾವಿಗಳ ಮೋಟಾರು ಗುಂಯ್‌ಗುಡುತ್ತದೆ. ಜಾತ್ರೆ ಬಂದರೆ ತಮಟೆ, ಉರುಮೆ. ಭಜನೆಗೂ ಮೈಕು ಬೇಕು. ಆದರೂ ಅಲ್ಲಿ ನಿದ್ದೆ ಬರುತ್ತಿತ್ತು. ಯಾಕೆ?

ಅಮೆರಿಕದ ಮನೋವಿಜ್ಞಾನಿಗಳಾದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ 1972ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದಕ್ಕೊಂದು ಸುಳಿವಿದೆ. ಯಾವಾಗ ಬರುತ್ತದೆಂದು ಗೊತ್ತಿಲ್ಲದ ಸದ್ದು, ಲೆಕ್ಕಕ್ಕೆ ಸಿಗುವ ಸದ್ದಿಗಿಂತ ಹೆಚ್ಚು ಕಾಡುತ್ತದೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಬೇಕಾದರೆ ಒತ್ತಿ ಸದ್ದು ನಿಲ್ಲಿಸಬಹುದು ಎಂದು ಕೆಲವರಿಗೆ ಒಂದು ಗುಂಡಿ ಕೊಟ್ಟಿದ್ದರು. ಅದನ್ನು ಒತ್ತದೆ ಇದ್ದವರೂ ಗುಂಡಿಯೇ ಇಲ್ಲದವರಿಗಿಂತ ನಂತರದ ಕೆಲಸವನ್ನು ಚೆನ್ನಾಗಿ ಮಾಡಿದರು. ಊರಿನಲ್ಲಿ ಮೋಟಾರು ಯಾರದು, ತಮಟೆ ಯಾವ ಹೊತ್ತಿಗೆ ನಿಲ್ಲುತ್ತದೆ ಎಂಬುದು ನಮಗೆ ಗೊತ್ತು. ತೀರಾ ಆದರೆ ಎದ್ದು ಹೋಗಿ ‘ಸಾಕು ನಿಲ್ಲಿಸ್ರಪ್ಪ’ ಎನ್ನಬಹುದು. ಗುಂಡಿ ನಮ್ಮ ಕೈಯಲ್ಲಿರುತ್ತದೆ. ಪರಊರಿನ ಬಾಡಿಗೆದಾರನಿಗೆ ಆ ಗುಂಡಿ ಇಲ್ಲ.

ಕಾನೂನು ಅಂಥದೊಂದು ಗುಂಡಿಯನ್ನು ಕೊಟ್ಟಿದೆ ಎನ್ನಬಹುದು. ಕೇಂದ್ರ ಸರ್ಕಾರ 2000ದಲ್ಲಿ ಹೊರಡಿಸಿದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಸದ್ದು ಹಗಲಿನಲ್ಲಿ 55, ರಾತ್ರಿ 45 ಡೆಸಿಬೆಲ್ ಮೀರಬಾರದು. ವಾಣಿಜ್ಯ ಪ್ರದೇಶಕ್ಕೆ ಈ ಮಿತಿ 65 ಮತ್ತು 55. ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ಡೆಸಿಬೆಲ್ ಲೆಕ್ಕ ಸೇರು, ಪಾವಿನ ಲೆಕ್ಕದಂತಲ್ಲ. ಹತ್ತು ಡೆಸಿಬೆಲ್ ಏರಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರೆನಿಸುತ್ತದೆ. ಅಂದಮೇಲೆ 55ಕ್ಕೂ 75ಕ್ಕೂ ಇರುವ ಅಂತರ ಸಣ್ಣದಲ್ಲ. ಮಲಗುವ ಕೋಣೆಯೊಳಗೆ ಒಳ್ಳೆಯ ನಿದ್ದೆಗೆ 30 ಡೆಸಿಬೆಲ್ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿತ್ತು.

ಮಿತಿಗಿಂತ ಹತ್ತು ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚು ಸದ್ದಾದರೆ ಯಾರು ಬೇಕಾದರೂ ದೂರು ಕೊಡಬಹುದು ಎನ್ನುತ್ತದೆ ನಿಯಮ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸಾರ್ವಜನಿಕವಾಗಿ ಧ್ವನಿವರ್ಧಕ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2005ರ ಜುಲೈನಲ್ಲಿ ಸ್ಪಷ್ಟವಾಗಿ ಹೇಳಿತು. ಹಬ್ಬ, ಉತ್ಸವಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. (ನವೆಂಬರ್ ಇಡೀ ರಾಜ್ಯೋತ್ಸವದ ಆರ್ಕೆಸ್ಟ್ರಾ ಕೇಳುವ ಬೆಂಗಳೂರಿಗರಿಗೆ ಈ ಹದಿನೈದರ ಲೆಕ್ಕ ನಗು ತರಿಸೀತು.) ಪೀಣ್ಯದ ಅಂಚಿನ ಬೀದಿಗಳಲ್ಲಿ ಕೆಳಗೆ ಲೇತ್, ಮೇಲೆ ಸಂಸಾರ. ಇದು ವಸತಿಯೋ ಕೈಗಾರಿಕೆಯೋ? ಇಂಥ ಮಿಶ್ರ ಪ್ರದೇಶಗಳನ್ನು ನಾಲ್ಕು ವರ್ಗಗಳಲ್ಲಿ ಒಂದಕ್ಕೆ ಸೇರಿಸುವುದು ಸಂಬಂಧಪಟ್ಟ ಪ್ರಾಧಿಕಾರಕ್ಕೆ ಬಿಟ್ಟದ್ದು. ಮನೆ ನೋಡಲು ಬಂದವನು ಅದನ್ನು ಗೋಡೆ ನೋಡಿ ತಿಳಿಯಲಾರ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ನನ್ನ ಜತೆಗಿದ್ದ ಗೆಳೆಯ ಮೂರನೇ ಪಾಳಿಯವನು. ರಾತ್ರಿ ಹತ್ತಕ್ಕೆ ಕಾರ್ಖಾನೆಗೆ ಹೋದರೆ ಬೆಳಿಗ್ಗೆ ಆರಕ್ಕೆ ಬಿಡುಗಡೆ. ಕಾನೂನು ‘ರಾತ್ರಿ’ ಎಂದು ಕಾಯುವ ಎಂಟು ಗಂಟೆ ಯಾವುದೋ ಅದೇ ಎಂಟು ಗಂಟೆ ಅವನು ಯಂತ್ರದ ಮುಂದೆ ನಿಂತಿರುತ್ತಾನೆ. ಅವನು ಬಂದು ಚಾಪೆ ಹಾಸುವ ಹೊತ್ತಿಗೆ ಕಾನೂನಿಗೆ ಬೆಳಗಾಗಿರುತ್ತದೆ, ಕೆಳಗಿನ ಶಟರ್ ಏಳುತ್ತಿರುತ್ತದೆ. ಹಗಲು ಮಲಗುವವನಿಗೆಂದು ನಿಯಮದಲ್ಲಿ ಬೇರೆ ಅಂಕಣವಿಲ್ಲ. ರಾತ್ರಿ ಪಾಳಿಯ ಆಸ್ಪತ್ರೆ ದಾದಿಯರು, ಕಾವಲುಗಾರರು, ಕಾಲ್ ಸೆಂಟರ್ ಹುಡುಗಿಯರು ಎಲ್ಲರ ಪಾಡೂ ಇದೇ.

ಬಾಡಿಗೆದಾರನ ನಿದ್ದೆಯ ಗೋಳು ಹೊಸದೇನಲ್ಲ. ಕ್ರಿಸ್ತಪೂರ್ವ 45ರ ಸುಮಾರಿಗೆ ಜೂಲಿಯಸ್ ಸೀಸರನ ಕಾಲದ ಕಾನೂನು ರೋಮ್ ನಗರದಲ್ಲಿ ಹಗಲು ಹೊತ್ತು ಸರಕಿನ ಗಾಡಿಗಳನ್ನು ನಿರ್ಬಂಧಿಸಿತು. ಹಗಲು ಹಗುರಾಯಿತು, ಗಾಡಿಗಳೆಲ್ಲ ರಾತ್ರಿ ಓಡತೊಡಗಿದವು. ಸುಮಾರು ನೂರೈವತ್ತು ವರ್ಷಗಳ ನಂತರ ಕವಿ ಜುವೆನಲ್, ಬಾಡಿಗೆ ಮಾಳಿಗೆಗಳಲ್ಲಿ ಇರುವವರಿಗೆ ನಿದ್ದೆಯೇ ಇಲ್ಲ, ಈ ನಗರದಲ್ಲಿ ಹಣವಂತರಿಗಷ್ಟೇ ನಿದ್ದೆ ಎಂದು ಗೊಣಗಿದ. ಬೆಂಗಳೂರಿನಲ್ಲೂ ಭಾರಿ ಲಾರಿಗಳಿಗೆ ಹಗಲು ನಿರ್ಬಂಧವಿರುವುದನ್ನು ಓದುಗರು ಬಲ್ಲರು. ತುಮಕೂರು ರಸ್ತೆಯ ಬದಿಯಲ್ಲಿ ಮಲಗಿದವರು ಇನ್ನೂ ಚೆನ್ನಾಗಿ ಬಲ್ಲರು.

ಇನ್ನು ಕರಾರು ಪತ್ರದ ಕಡೆ ನೋಡೋಣ. ಒಂದು ವರ್ಷ ಮೀರಿದ ಬಾಡಿಗೆಯನ್ನು ನೋಂದಾಯಿಸಬೇಕೆಂದು 1908ರ ಕಾಯ್ದೆ ಹೇಳುವುದರಿಂದ ಎಲ್ಲರದ್ದೂ ಹನ್ನೊಂದು ತಿಂಗಳ ಕರಾರು. ಬಾಡಿಗೆದಾರರು ನೆರೆಹೊರೆಗೆ ತೊಂದರೆ ಕೊಡತಕ್ಕದ್ದಲ್ಲ ಎಂಬ ಷರತ್ತು ಅದರಲ್ಲಿ ಸಾಮಾನ್ಯ. ನೆರೆಹೊರೆಯಿಂದ ಬಾಡಿಗೆದಾರರಿಗೆ ಆಗುವ ತೊಂದರೆಯ ಬಗ್ಗೆ ನಾನು ನೋಡಿದ ಪತ್ರಗಳಲ್ಲಿ ಒಂದು ಸಾಲೂ ಇರಲಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯು ಬಾಡಿಗೆ ಸರಿಯಾಗಿ ಕೊಡುವವನಿಗೆ ಅಡಚಣೆಯಿಲ್ಲದ ಅನುಭೋಗದ ಭರವಸೆ ಕೊಡುತ್ತದೆ. ಆದರೆ ಅದರ ಮುಖ್ಯ ಅರ್ಥ ನಿಮ್ಮನ್ನು ಅಕ್ರಮವಾಗಿ ಹೊರಹಾಕುವಂತಿಲ್ಲ ಎಂದು. ಬೀದಿ ಮೌನವಾಗಿರುತ್ತದೆ ಎಂದಲ್ಲ.

ಜರ್ಮನಿಗೆ ಕೆಲಸಕ್ಕೆ ಹೋದ ಕನ್ನಡಿಗರ ಪಾಡು ಇದರ ತಿರುವುಮುರುವು. ಅಲ್ಲಿ ಎಷ್ಟೋ ಬಾಡಿಗೆ ಕರಾರಿನ ಜತೆ ಮನೆ ನಿಯಮಗಳ ಪಟ್ಟಿಯೂ ಬರುತ್ತದೆ. ಸಾಮಾನ್ಯವಾಗಿ ರಾತ್ರಿ ಹತ್ತರ ಮೇಲೆ ಮತ್ತು ಭಾನುವಾರ ಪೂರ್ತಿ ಗದ್ದಲ ಕೂಡದು. ಭಾನುವಾರ ಗೋಡೆಗೆ ಮೊಳೆ ಹೊಡೆದರೂ, ರಾತ್ರಿ ದೋಸೆಗೆ ರುಬ್ಬಿದರೂ ಪಕ್ಕದವರು ಬಾಗಿಲು ತಟ್ಟಿಯಾರು.

ಮನೆ ನೋಡುವವರು ಮಾಡಬಹುದಾದದ್ದು ಸ್ವಲ್ಪವಿದೆ. ಕೆಲಸದ ದಿನ ಹೋಗಬೇಕು, ಅದೂ ತಾವು ಮಲಗುವ ಹೊತ್ತಿಗೆ. ಸಂಪಿನ ಮೋಟಾರು ಯಾವ ಗೋಡೆಗೆ ತಾಗಿದೆ ನೋಡಬೇಕು; ಅದರ ಅದುರು ಕಂಬ, ತಾರಸಿಗಳ ಮೂಲಕ ಹರಿದು ಬರುವುದರಿಂದ ಕಿಟಕಿ ಮುಚ್ಚಿ ಪ್ರಯೋಜನವಿಲ್ಲ. ರಸ್ತೆಯ ಸದ್ದಿಗೆ ಕಿಟಕಿಯ ಸಂದೇ ಹೆದ್ದಾರಿ. ಎತ್ತರದ ಮನೆ ಶಾಂತ ಎಂಬ ನಂಬಿಕೆಯೂ ಎಲ್ಲ ಕಡೆ ನಡೆಯದು. 2014ರಲ್ಲಿ ಪೀಣ್ಯಕ್ಕೆ ಬಂದ ಮೆಟ್ರೊ ಕಂಬಗಳ ಮೇಲೆ ಓಡುತ್ತದೆ. ತುಮಕೂರು ರಸ್ತೆಗೆ ಮೇಲ್ಸೇತುವೆಯೂ ಇದೆ. ನೆಲಮಹಡಿಗೆ ಸೇತುವೆಯೇ ತುಸು ಮರೆಯಾದರೆ, ಮೂರನೇ ಮಹಡಿಗೆ ಹಾರ್ನು ನೇರವಾಗಿ ಬಡಿಯುತ್ತದೆ.

ಎರಡನೇ ಮನೆ ಹುಡುಕುವಾಗ ನಾನೂ ಗೆಳೆಯನೂ ಬುಧವಾರ ಬೆಳಿಗ್ಗೆ ಏಳಕ್ಕೆ ಹೋಗಿ, ಖಾಲಿ ಕೋಣೆಯ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ನೆಲದ ಮೇಲೆ ಮಲಗಿದೆವು. ಮಾಲೀಕರು ಅನುಮಾನದಿಂದ ಎರಡು ಸಲ ಬಾಗಿಲು ತಟ್ಟಿದರು. ಎರಡನೇ ಸಲ ತಟ್ಟಿದ್ದು ಗೆಳೆಯನಿಗೆ ಕೇಳಿಸಲಿಲ್ಲ. ಅವನಿಗೆ ನಿದ್ದೆ ಹತ್ತಿತ್ತು. ಆ ಮನೆಯನ್ನೇ ಹಿಡಿದೆವು.