ವಿಮಾನ ಹತ್ತುವ ಮುನ್ನ ಬಿಟ್ಟು ಹೋಗಬೇಕಾದ ನಂಬಿಕೆಗಳು

ಮೊದಲ ಸಲ ವಿಮಾನ ಹತ್ತುವವರಿಗೆ ಟಿಕೆಟ್ಟಿಗಿಂತ ಮುಂಚೆ ಸಿಗುವುದು ಸಲಹೆ. ‘ಪವರ್ ಬ್ಯಾಂಕನ್ನು ದೊಡ್ಡ ಸೂಟ್‌ಕೇಸಿಗೆ ಹಾಕಿಬಿಡಿ, ತಪಾಸಣೆಯಲ್ಲಿ ಕಿರಿಕಿರಿ ಇರಲ್ಲ’ ಎನ್ನುತ್ತಾರೆ ಪಕ್ಕದ ಮನೆಯವರು. ‘ತಡವಾದರೂ ಹೆದರಬೇಡಿ, ಮೈಕಿನಲ್ಲಿ ಹೆಸರು ಹಿಡಿದು ಕರೀತಾರೆ’ ಎನ್ನುತ್ತಾರೆ ಭಾವ. ಮೋಡದ ನಡುವೆ ವಿಮಾನ ಸಾವಿರಾರು ಅಡಿ ಕುಸಿದ ಕಥೆ ಹೇಳುವವರೂ ಒಬ್ಬರು ಇದ್ದೇ ಇರುತ್ತಾರೆ. 2019ರಲ್ಲಿ ಕಲಬುರಗಿಗೆ, 2023ರಲ್ಲಿ ಶಿವಮೊಗ್ಗದ ಸೋಗಾನೆಗೆ ವಿಮಾನ ಬಂದ ಮೇಲೆ ಇಂಥ ಮಾತು ಕೇಳಿಸಿಕೊಂಡು ಹೊರಡುವ ಹೊಸಬರು ನಾಡಿನ ಎಲ್ಲ ಕಡೆ ಇದ್ದಾರೆ. ಅವರ ಆತಂಕದಲ್ಲಿ ದೊಡ್ಡ ಪಾಲು ವಿಮಾನದಿಂದ ಹುಟ್ಟಿದ್ದಲ್ಲ, ಈ ಅರೆಬರೆ ಮಾತುಗಳಿಂದ ಹುಟ್ಟಿದ್ದು.

“ತಡವಾದರೆ ಹೆಸರು ಕೂಗುತ್ತಾರೆ”

ಕೂಗುತ್ತಾರೆ ಎಂದು ನೆಚ್ಚಿ ಕೂರುವಂತಿಲ್ಲ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೂ ಸೇರಿ ದೇಶದ ಹಲವು ದೊಡ್ಡ ನಿಲ್ದಾಣಗಳು ಈಗ ‘ಸೈಲೆಂಟ್’ ನಿಲ್ದಾಣಗಳು. ಬೋರ್ಡಿಂಗ್ ಶುರುವಾಯಿತು, ಇದೇ ಕೊನೆಯ ಕರೆ ಎಂಬ ಘೋಷಣೆ ಇಡೀ ಕಟ್ಟಡಕ್ಕೆ ಕೇಳಿಸುವುದಿಲ್ಲ. ಗೇಟ್ ನಂಬರ್ ಆಗಲಿ, ಅದು ಬದಲಾದದ್ದಾಗಲಿ ಗೊತ್ತಾಗುವುದು ಪರದೆಯಿಂದ, ಫೋನಿಗೆ ಬರುವ ಸಂದೇಶದಿಂದ. ಕಾಫಿ ಕುಡಿಯಲು ಕೂರುವವರು ಪರದೆ ಕಾಣುವ ಕಡೆ ಮುಖ ಮಾಡಿ ಕೂತರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ.

ಟಿಕೆಟ್ಟಿನಲ್ಲಿ 10 ಗಂಟೆ ಎಂದಿದ್ದರೆ 10ಕ್ಕೆ ಗೇಟಿನಲ್ಲಿದ್ದರೆ ಸಾಕು ಎಂದುಕೊಳ್ಳುವವರೂ ಇದ್ದಾರೆ. ಅದು ವಿಮಾನ ನಿಂತ ಜಾಗ ಬಿಟ್ಟು ಕದಲುವ ಹೊತ್ತು. ದೇಶದೊಳಗಿನ ಹಾರಾಟಗಳಿಗೆ ಬಹುತೇಕ ಕಂಪನಿಗಳು ಚೆಕ್-ಇನ್ ಕೌಂಟರನ್ನು ಒಂದು ಗಂಟೆ ಮೊದಲೇ, ಗೇಟನ್ನು 20–25 ನಿಮಿಷ ಮೊದಲೇ ಮುಚ್ಚುತ್ತವೆ. ಅಂದರೆ ಲಗೇಜು ಕೊಡಬೇಕಾದವರು 9ಕ್ಕೆ ಮುಂಚೆ ಕೌಂಟರಿನ ಮುಂದಿರಬೇಕು. ಮನೆ ಬಿಡುವ ಹೊತ್ತನ್ನು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು, ಬೆಂಗಳೂರಿನವರು ಹೆಬ್ಬಾಳದ ಟ್ರಾಫಿಕ್ಕನ್ನೂ ಸೇರಿಸಿ.

ದೇವನಹಳ್ಳಿಯ ಎರಡನೇ ಟರ್ಮಿನಲ್ ವಿದೇಶಕ್ಕೆ ಹೋಗುವವರಿಗೆ ಮಾತ್ರ ಎಂಬ ಮಾತೂ ಸರಿಯಲ್ಲ. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಆ ಟರ್ಮಿನಲ್‌ನಿಂದ 2023ರ ಜನವರಿಯಲ್ಲಿ ಮೊದಲು ಹಾರಿದ್ದು ದೇಶದೊಳಗಿನ ವಿಮಾನಗಳೇ. ವಿದೇಶದ ಹಾರಾಟಗಳು ಅಲ್ಲಿಗೆ ಬಂದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಟರ್ಮಿನಲ್ ಯಾವುದೆಂದು ಟಿಕೆಟ್ ನೋಡಿಯೇ ತಿಳಿಯಬೇಕು. ಇನ್ನು ಮುಖ ತೋರಿಸಿ ಒಳಹೋಗುವ ಡಿಜಿಯಾತ್ರಾ ಕಡ್ಡಾಯವಲ್ಲ, ಗುರುತಿನ ಚೀಟಿ ತೋರಿಸಿ ಹೋಗುವ ಸಾಲು ಇದ್ದೇ ಇರುತ್ತದೆ.

“ಅಪಾಯದ ಸಾಮಾನು ಅಂದರೆ ಚಾಕು, ಕತ್ತರಿ”

ಮಗಳ ಮನೆಗೆ ಹೊರಟ ತಾಯಿಯ ಚೀಲದಲ್ಲಿ ಚಟ್ನಿಪುಡಿಯ ಪಕ್ಕದಲ್ಲೇ ನಾಲ್ಕು ಗಿಟುಕು ತಿಪಟೂರು ಕೊಬ್ಬರಿ ಇರುವುದು ಸಹಜ. ವಿಮಾನ ಕಂಪನಿಗಳ ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿ ಆ ಕೊಬ್ಬರಿಯೂ ಇದೆ ಎಂದರೆ ನಂಬುವವರು ಕಡಿಮೆ. ಸಿಬ್ಬಂದಿ ಅದನ್ನು ತೆಗೆದಿಟ್ಟಾಗ ‘ದೇವರ ಪ್ರಸಾದಕ್ಕೂ ಇವರು ಬಿಡಲ್ಲ’ ಎಂದು ನೊಂದುಕೊಳ್ಳುತ್ತಾರೆ. ಕಾರಣ ಬೇರೆ ಇದೆ. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ಆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ನಿಧಾನವಾಗಿ ಬೆರೆಯುವಾಗ ಶಾಖ ಹುಟ್ಟುತ್ತದೆ. ಒತ್ತೊತ್ತಾಗಿ ಕಟ್ಟಿಟ್ಟಾಗ ಆ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಏರುತ್ತದೆ, ಕಿಡಿ ಇಲ್ಲದೆಯೂ ಹೊತ್ತಿಕೊಳ್ಳಬಹುದು. ಅದಕ್ಕೇ ಅಂತರರಾಷ್ಟ್ರೀಯ ಸಾಗಣೆಯ ನಿಯಮಗಳಲ್ಲಿ ಕೊಬ್ಬರಿಗೆ ತಾನಾಗಿ ಉರಿಯಬಲ್ಲ ವಸ್ತುಗಳ ವರ್ಗದಲ್ಲಿ ಯುಎನ್ 1363 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ.

ಬೆಂಕಿಯ ಈ ಲೆಕ್ಕವೇ ಪವರ್ ಬ್ಯಾಂಕಿಗೂ ಅನ್ವಯ. ಅದನ್ನು ಕೆಳಗಿನ ಸರಕು ಕೋಣೆಗೆ ಹೋಗುವ ಸೂಟ್‌ಕೇಸಿನಲ್ಲಿ ಇಡಲೇಬಾರದು, ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿ ಕೆಟ್ಟು ಕಾಯತೊಡಗಿದರೆ ಪ್ರಯಾಣಿಕರ ನಡುವೆ ಯಾರಾದರೂ ಹೊಗೆ ನೋಡುತ್ತಾರೆ, ಸಿಬ್ಬಂದಿ ನೀರು ಹಾಕಿ ತಣಿಸುತ್ತಾರೆ. ಸರಕು ಕೋಣೆಗೆ ಹಾರಾಟದ ನಡುವೆ ಯಾರೂ ಹೋಗಲಾಗದು. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೆ ನಿಲ್ದಾಣದಲ್ಲಿ ಹಾರಲು ಸಿದ್ಧವಾಗಿದ್ದ ಏರ್ ಬುಸಾನ್ ವಿಮಾನ ಹೊತ್ತಿ ಉರಿಯಿತು. ಬೆಂಕಿ ಕಾಣಿಸಿದ್ದು ತಲೆಯ ಮೇಲಿನ ಲಗೇಜು ಗೂಡಿನಲ್ಲಿ. ಅಲ್ಲಿದ್ದ ಪವರ್ ಬ್ಯಾಂಕಿನ ಒಳದೋಷ ಕಾರಣವಿರಬಹುದು ಎಂದು ತನಿಖೆ ಹೇಳಿತು. ಒಳಗಿದ್ದ 176 ಮಂದಿಯೂ ಪಾರಾದರು. ಪವರ್ ಬ್ಯಾಂಕನ್ನು ಗೂಡಿಗಿಂತ ಕಣ್ಣಿಗೆ ಬೀಳುವಂತೆ ಪಕ್ಕದಲ್ಲೇ ಇಟ್ಟುಕೊಳ್ಳುವುದು ಲೇಸು.

‘ದೊಡ್ಡ ಪವರ್ ಬ್ಯಾಂಕ್ ಬಿಡುವುದೇ ಇಲ್ಲ’ ಎಂಬುದು ಅರ್ಧ ಸತ್ಯ. ಅನುಮತಿ ಇಲ್ಲದೆ ಒಯ್ಯಬಹುದಾದ ಮಿತಿ 100 ವ್ಯಾಟ್-ಅವರ್. 100ರಿಂದ 160ರವರೆಗೆ ಕಂಪನಿಯ ಒಪ್ಪಿಗೆ ಬೇಕು, ಅದಕ್ಕೂ ಮೇಲಿನದ್ದು ಬೇಡವೇ ಬೇಡ. ಲೆಕ್ಕ ಸುಲಭ: ಮಿಲಿಆಂಪ್-ಅವರ್ ಅಂಕಿಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರಾಯಿತು. ಅಂಗಡಿಯಲ್ಲಿ ಸಿಗುವ 20,000ದ ಪವರ್ ಬ್ಯಾಂಕ್ 74 ಆಗುತ್ತದೆ, ಧಾರಾಳವಾಗಿ ಒಯ್ಯಬಹುದು. ಆದರೆ ಆ ಅಂಕಿ ಅದರ ಮೈಮೇಲೆ ಅಳಿಸದೆ ಉಳಿದಿರಬೇಕು.

ವಿದೇಶಕ್ಕೆ ಹೊರಟವರು ಸೋಲುವ ಇನ್ನೊಂದು ಜಾಗ ಶಾಂಪೂ, ಎಣ್ಣೆ, ಪೇಸ್ಟು. ಕೈಚೀಲದಲ್ಲಿ 100 ಮಿಲಿಲೀಟರ್ ಮಿತಿ ಬಂದದ್ದು 2006ರ ಆಗಸ್ಟಿನಲ್ಲಿ ದ್ರವರೂಪದ ಬಾಂಬ್ ಸಂಚು ಲಂಡನ್ನಿನಲ್ಲಿ ಬಯಲಾದ ಮೇಲೆ. ನೋಡುವುದು ಬಾಟಲಿಯ ಅಳತೆಯನ್ನು, ಒಳಗೆ ಉಳಿದದ್ದನ್ನಲ್ಲ. 200ರ ಬಾಟಲಿಯ ತಳದಲ್ಲಿ ಎರಡು ಚಮಚ ಎಣ್ಣೆ ಇದ್ದರೂ ತೆಗೆದಿಡುತ್ತಾರೆ.

“ಅಲುಗಾಡಿತು ಅಂದರೆ ಬೀಳುತ್ತದೆ”

ರೆಕ್ಕೆಯ ಹಿಂದಿನ ಕಿಟಕಿಯಲ್ಲಿ ಕೂತವರು ರೆಕ್ಕೆಯ ತುದಿ ಮೇಲೆ ಕೆಳಗೆ ತೂಗುವುದನ್ನು ಕಂಡು ಕೈಹಿಡಿ ಬಿಗಿಯುತ್ತಾರೆ. ಬಾಗಬೇಕೆಂದೇ ಅದನ್ನು ಕಟ್ಟಿರುತ್ತಾರೆ. ತನ್ನ ಆಯುಷ್ಯದಲ್ಲಿ ಎದುರಿಸಬಹುದಾದ ಅತಿ ಹೆಚ್ಚಿನ ಹೊರೆಯ ಒಂದೂವರೆ ಪಟ್ಟನ್ನು ರೆಕ್ಕೆ ತಾಳಬಲ್ಲದು ಎಂದು ತೋರಿಸದೆ ಯಾವ ಪ್ರಯಾಣಿಕ ವಿಮಾನಕ್ಕೂ ಪ್ರಮಾಣಪತ್ರ ಸಿಗದು. 1995ರಲ್ಲಿ ಬೋಯಿಂಗ್ 777ರ ರೆಕ್ಕೆಯನ್ನು ಮುರಿಯುವ ತನಕ ಎಳೆದು ನೋಡಿದರು, ಅದು ಮುರಿದದ್ದು ಶೇ 154ರಷ್ಟು ಹೊರೆಗೆ. 2010ರ ಪರೀಕ್ಷೆಯಲ್ಲಿ 787ರ ರೆಕ್ಕೆಯ ತುದಿ ಸುಮಾರು 25 ಅಡಿ ಮೇಲಕ್ಕೆ ಬಾಗಿತು. ಪ್ರಯಾಣಿಕರು ಕಿಟಕಿಯಿಂದ ಕಾಣುವ ತೂಗಾಟ ಇದರ ಮುಂದೆ ತೀರಾ ಚಿಕ್ಕದು.

‘ಏರ್ ಪಾಕೆಟ್’ ಎಂಬ ಮಾತು ಆಕಾಶದಲ್ಲಿ ಗಾಳಿಯೇ ಇಲ್ಲದ ಗುಂಡಿ ಇದೆ ಎಂಬ ಭಾವನೆ ಮೂಡಿಸಿದೆ. ಅಂಥ ಗುಂಡಿ ಇಲ್ಲ, ಇರುವುದು ಏರುವ ಇಳಿಯುವ ಗಾಳಿಯ ಹೊಳೆಗಳು. ಅವುಗಳಲ್ಲಿ ವಿಮಾನ ಎಷ್ಟು ಕುಸಿಯುತ್ತದೆ? 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ ಏರ್‌ಲೈನ್ಸ್‌ನ ಎಸ್‌ಕ್ಯೂ 321 ಮ್ಯಾನ್ಮಾರ್ ಮೇಲೆ ಭಾರಿ ಅಲುಗಾಟಕ್ಕೆ ಸಿಕ್ಕಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು, ಹತ್ತಾರು ಮಂದಿ ಗಾಯಗೊಂಡರು. ಆರು ಸಾವಿರ ಅಡಿ ಬಿತ್ತು ಎಂಬ ಸುದ್ದಿ ಜಗತ್ತೆಲ್ಲ ಹಬ್ಬಿತು. ಸಿಂಗಪುರದ ತನಿಖಾಧಿಕಾರಿಗಳು ದತ್ತಾಂಶ ತೆಗೆದು ನೋಡಿದಾಗ ಸಿಕ್ಕ ಅಂಕಿ 178 ಅಡಿ, 4.6 ಸೆಕೆಂಡುಗಳಲ್ಲಿ. ಆರು ಸಾವಿರ ಅಡಿಯ ಇಳಿತ ಆಮೇಲಿನದು, ಪೈಲಟ್‌ಗಳೇ ಹತೋಟಿಯಲ್ಲಿ ಇಳಿಸಿದ್ದು.

ವಿಮಾನ ಗಟ್ಟಿಯಾಗಿಯೇ ಇತ್ತು, ಬ್ಯಾಂಕಾಕಿನಲ್ಲಿ ಸುರಕ್ಷಿತವಾಗಿ ಇಳಿಯಿತು. ಪೆಟ್ಟಾದದ್ದು ಒಳಗಿದ್ದ ಮೈಗಳಿಗೆ. ಆ ಕೆಲವು ಸೆಕೆಂಡುಗಳಲ್ಲಿ ಬೆಲ್ಟು ಕಟ್ಟದವರು ಸೀಟಿನಿಂದ ಮೇಲೆದ್ದು ಛಾವಣಿಗೆ ಬಡಿದು ಕೆಳಗೆ ಬಿದ್ದರು. ಬೆಲ್ಟು ಕಟ್ಟಿಕೊಳ್ಳಿ ಎನ್ನುವ ದೀಪ ಆರಿತೆಂದ ಮಾತ್ರಕ್ಕೆ ಅದನ್ನು ಬಿಚ್ಚಬಹುದು ಎಂಬುದೇ ಇಲ್ಲಿ ನಿಜವಾಗಿ ಅಪಾಯದ ನಂಬಿಕೆ. ಕೂತಿರುವಷ್ಟು ಹೊತ್ತೂ ಅದು ಸೊಂಟದ ಮೇಲೆ ಸಡಿಲವಾಗಿಯಾದರೂ ಇರಲಿ. ಅಲುಗಾಟಕ್ಕೆ ಬಹಳ ಅಂಜುವವರು ರೆಕ್ಕೆಯ ಬಳಿಯ ಸೀಟು ಹಿಡಿದು ಬೆಳಗಿನ ವಿಮಾನ ಆರಿಸಿಕೊಳ್ಳಬಹುದು. ಬಿಸಿಲಿಗೆ ನೆಲ ಕಾದ ಮೇಲೆ ಗಾಳಿ ಹೆಚ್ಚು ಕಲಕುತ್ತದೆ.

“ಏನಾದರೂ ಆದರೆ ಯಾರೂ ಉಳಿಯಲ್ಲ, ಸೂಚನೆ ಕೇಳಿ ಏನು ಪ್ರಯೋಜನ?”

ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಮಂದಿ ಸತ್ತರು, ಉಳಿದವರು ಎಂಟೇ ಜನ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬಿದ್ದ ಏರ್ ಇಂಡಿಯಾ ವಿಮಾನದಲ್ಲಿ ಉಳಿದದ್ದು ಒಬ್ಬರು. ಆ ಚಿತ್ರಗಳನ್ನು ಕಂಡವರಿಗೆ ಭಯವಾಗುವುದು ಸಹಜ. ಆದರೆ ಎಲ್ಲ ಅಪಘಾತಗಳೂ ಹಾಗಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1983ರಿಂದ 2000ದವರೆಗೆ ಅಲ್ಲಿನ ವಿಮಾನ ಕಂಪನಿಗಳ ಅಪಘಾತಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿದ್ದವರ ಪೈಕಿ ಶೇ 95ಕ್ಕೂ ಹೆಚ್ಚು ಜನ ಬದುಕಿದ್ದರು.

2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇ ಮೇಲಿದ್ದ ಕರಾವಳಿ ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಸಣ್ಣ ವಿಮಾನದಲ್ಲಿ ಐವರು ಸತ್ತರು. ದೊಡ್ಡದರಲ್ಲಿದ್ದ 379 ಮಂದಿಯೂ ಹೊರಬಂದರು. ಬಳಸಲು ಆದದ್ದು ಮೂರೇ ಬಾಗಿಲು, ಮೈಕು ಕೆಟ್ಟಿತ್ತು, ಸಿಬ್ಬಂದಿ ಗಂಟಲು ಮತ್ತು ಮೆಗಾಫೋನು ನಂಬಿ ಕೆಲಸ ಮಾಡಿದರು. ಪ್ರಯಾಣಿಕರು ಬ್ಯಾಗು ಎಳೆದುಕೊಳ್ಳದೆ ಇಳಿದದ್ದು ದೊಡ್ಡ ನೆರವಾಯಿತು. ಹೊರಡುವ ಮುನ್ನ ಹತ್ತಿರದ ಬಾಗಿಲು ಎಷ್ಟು ಸಾಲು ದೂರ ಎಂದು ಮುಂದೂ ಹಿಂದೂ ಎಣಿಸಿಡುವುದಕ್ಕೆ ಅರ್ಧ ನಿಮಿಷವೂ ಬೇಡ.

ಉಳಿದ ಕೆಲವು ಮಾತುಗಳನ್ನು ಬೇಗ ಮುಗಿಸಬಹುದು. ಮೂವತ್ತೈದು ಸಾವಿರ ಅಡಿ ಮೇಲೆ ಯಾರಾದರೂ ಬಾಗಿಲು ತೆರೆದುಬಿಟ್ಟರೆ? ತೆರೆಯಲಾಗದು. ಒಳಗಿನ ಗಾಳಿ ಬಾಗಿಲಿನ ಪ್ರತಿ ಚದರ ಮೀಟರಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಒತ್ತುತ್ತಿರುತ್ತದೆ. ನೆಲ ಸಮೀಪಿಸಿದಾಗ ಆ ಒತ್ತಡ ಇರುವುದಿಲ್ಲ. 2023ರ ಮೇ ತಿಂಗಳಲ್ಲಿ ಕೊರಿಯಾದ ಡೇಗುವಿನಲ್ಲಿ ಏಷಿಯಾನಾ ವಿಮಾನ ಇನ್ನೂ 700 ಅಡಿ ಮೇಲಿರುವಾಗ ಒಬ್ಬ ಪ್ರಯಾಣಿಕ ತುರ್ತು ಬಾಗಿಲು ತೆರೆದಿದ್ದ. ವಿಮಾನ ಬಾಗಿಲು ತೆರೆದೇ ಇಳಿಯಿತು, ಎಲ್ಲರೂ ಬದುಕಿದರು. ಒಳಗಿನ ಗಾಳಿ ಕೊಳೆತದ್ದು ಎಂಬುದೂ ತಪ್ಪು. ಇಂದಿನ ದೊಡ್ಡ ಜೆಟ್‌ಗಳಲ್ಲಿ ಅದು ಗಂಟೆಗೆ 20–30 ಸಲ ಬದಲಾಗುತ್ತದೆ, ಮರುಬಳಕೆಯ ಗಾಳಿ ಆಸ್ಪತ್ರೆ ದರ್ಜೆಯ ಹೆಪಾ ಫಿಲ್ಟರಿನ ಮೂಲಕವೇ ಬರುತ್ತದೆ. ಶೌಚಾಲಯದ ಕೊಳೆಯನ್ನು ಆಕಾಶದಲ್ಲಿ ಬಿಡುವುದಿಲ್ಲ, ಟ್ಯಾಂಕಿನಲ್ಲಿ ತುಂಬಿ ನೆಲದ ಮೇಲೆ ಗಾಡಿಗೆ ಖಾಲಿ ಮಾಡುತ್ತಾರೆ.

ಕಿವಿನೋವಿನ ಬಗ್ಗೆ ಮಾತ್ರ ಒಂದಿಷ್ಟು ಹೆಚ್ಚು ಹೇಳಬೇಕು. ಹಾರುವಾಗ ಒಳಗಿನ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ್ದು, ಅಂದರೆ ಮುಳ್ಳಯ್ಯನಗಿರಿಯ ತುದಿಯಷ್ಟು ಅಥವಾ ಇನ್ನೂ ಸ್ವಲ್ಪ ಮೇಲಿನದು. ಇಳಿಯುವಾಗ ಒತ್ತಡ ಮತ್ತೆ ಏರುತ್ತದೆ, ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆಯದಿದ್ದರೆ ನೋಯುತ್ತದೆ. ಉಗುಳು ನುಂಗಿದರೆ, ಆಕಳಿಸಿದರೆ ಅದು ತೆರೆಯುತ್ತದೆ. ಮಗು ಮಲಗಿದ್ದರೆ ಎಬ್ಬಿಸಬಾರದು ಎಂದುಕೊಳ್ಳುತ್ತಾರೆ; ಇಳಿಯಲು ಶುರುವಾದಾಗ ಎಬ್ಬಿಸಿ ಹಾಲೂಡಿಸುವುದೇ ಒಳ್ಳೆಯದು.

“ವಿಮಾನ ರದ್ದಾದರೆ ನಮ್ಮ ಹಣೆಬರಹ”

2025ರ ಡಿಸೆಂಬರಿನ ಮೊದಲ ದಿನಗಳಲ್ಲಿ ಇಂಡಿಗೋ ಹಾರಾಟಗಳು ಸಾವಿರಾರು ಸಂಖ್ಯೆಯಲ್ಲಿ ರದ್ದಾದಾಗ ನೆಲದ ಮೇಲೆ ಕೂತ ಎಷ್ಟೋ ಮಂದಿಗೆ ತಮ್ಮ ಹಕ್ಕೇನೆಂದು ಗೊತ್ತಿರಲಿಲ್ಲ. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮ ಸ್ಪಷ್ಟವಿದೆ. ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ. 24 ಗಂಟೆ ಮೊದಲು ತಿಳಿಸದೇ ಇದ್ದು, ಕಂಪನಿಯ ಕೈಮೀರಿದ ಕಾರಣವೂ ಇಲ್ಲದಿದ್ದರೆ ಹಾರಾಟದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000 ರೂಪಾಯಿವರೆಗೆ ಪರಿಹಾರ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ಊಟ ತಿಂಡಿ ಕೊಡಬೇಕು. ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಹಣ ವಾಪಸು ಕೇಳಬಹುದು. ಇವೆಲ್ಲ ಹೊತ್ತಿಗೆ ಸರಿಯಾಗಿ ಚೆಕ್-ಇನ್ ಮಾಡಿದವರಿಗೆ. ಕೌಂಟರಿನಲ್ಲಿ ಕೇಳಿದ್ದು ದಕ್ಕದಿದ್ದರೆ ಕೇಂದ್ರ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ದಾಖಲಿಸಬಹುದು. ಬೋರ್ಡಿಂಗ್ ಪಾಸಿನ ಫೋಟೊ ಮತ್ತು ಕಂಪನಿಯಿಂದ ಬಂದ ಸಂದೇಶಗಳನ್ನು ಅಲ್ಲಿಯವರೆಗೆ ಅಳಿಸಬಾರದು.